ಬಿಸಲು ಹೊಡದು ಬಿದ್ದವರಿಗೆ ಮೊದ್ಲ ಮೈಗೆ ನೀರ ಹಾಕ್ರಿ

ನಮ್ಮ ಹುಬ್ಬಳ್ಳಿ ಗದಗ ಕಡೆ ಬಿಸಲಾಗ ಯಾರರ ಬಿದ್ರು ಅಂದ್ರ ಮಂದಿ ಸುತ್ತಗಟ್ಟಿ ನಿಂತು ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡೀತಾರ, ಬಾಯಾಗ ನೀರ ಹನಸ್ತಾರ, ಆಟೋ ಕರೀರಿ ಅಂತ ಒದರ್ತಾರ, ಮೈಗೆ ಮಾತ್ರ ಯಾರೂ ನೀರ ಹಾಕಂಗಿಲ್ಲ, ಜೀವ ಉಳಸೋದು ನೋಡಿದ್ರ ಅದ.

ಮೊದ್ಲ ಮಾತಾಡ್ಸಿ ನೋಡ್ರಿ. ಚಕ್ಕರ್ ಬರ್ತೈತಿ, ಮೀನಖಂಡ ಹಿಡಕೊಂಡಾವು, ಆದ್ರ ಮಾತು ನೆಟ್ಟಗ ಐತಿ ಅಂದ್ರ ಸುಸ್ತು; ನೆಳ್ಳಾಗ ಮಲಗಿಸಿ ಓಆರ್‌ಎಸ್ ಕುಡಸ್ರಿ. ಪ್ಯಾಕೆಟ್ ಇಲ್ಲಂದ್ರ 1 ಲೀಟರ್ ನೀರಿಗೆ ಸಣ್ಣ ಚಮಚದಾಗ ಮಟ್ಟಸ 6 ಸಕ್ಕರಿ, ಅರ್ಧ ಉಪ್ಪು. ಉಪ್ಪು ಜಾಸ್ತಿ ಬ್ಯಾಡ.

ಮಾತು ತೊದಲಾಕತ್ತೈತಿ, ಎಲ್ಲಿ ಅದೀನಿ ಅನ್ನೋದ ತಿಳೀವಲ್ದು, ಫಿಟ್ಸ್ ಬಂತು, ಇಲ್ಲಾ ಎಚ್ಚರ ತಪ್ಪೇತಿ ಅಂದ್ರ ಅದು ಹೀಟ್ ಸ್ಟ್ರೋಕ್, 37 ಡಿಗ್ರಿ ಇರಬೇಕಾದ ಮೈ ಒಳಗ 40 ಮುಟ್ಟಿರ್ತೈತಿ. ಬೆವರು ಬರಾಕತ್ತೈತಲ್ಲ, ಏನಾಗಂಗಿಲ್ಲ ಅಂತ ಬಿಡಬ್ಯಾಡ್ರಿ, ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಾಗ ಚೀಲ ಹೊರೋ ಹಮಾಲರಂಥಾ ಮೈ ಮುರದು ದುಡಿಯೋರಿಗೆ ಬೆವರು ಸುರಿಯೋವಾಗ್ಲೂ ಹಿಂಗ ಆಗ್ತೈತಿ.

ಒಬ್ರು 108ಕ್ಕ ಫೋನ್ ಹಚ್ರಿ, ಉಳದವ್ರು ಗಾಡಿ ಬರೋತನಕ ಕೈಕಟ್ಟಿ ನಿಂದ್ರಬ್ಯಾಡ್ರಿ. ನೆಳ್ಳಿಗೆ ತಂದು ಅಂಗಿ ಬಿಚ್ಚಿ ನೆತ್ತಿಯಿಂದ ಕಾಲತನಕ ನೀರ ಸುರೀರಿ, ಕೊಡದಾಗಿಂದಾದ್ರೂ ನಡೀತೈತಿ, ಫ್ಯಾನ್ ಹಚ್ರಿ ಇಲ್ಲಾ ಟವೆಲ್‌ಲೆ ಗಾಳಿ ಬೀಸ್ರಿ, ಯಾಕಂದ್ರ ಮೈಮ್ಯಾಲಿನ ನೀರು ಆರಿದಂಗ ಕಾವು ಎಳಕೊಂಡು ಹೊಕ್ಕೈತಿ. ಬರೇ ಹಸಿ ಅರಿವಿ ಹೊಚ್ಚಿ ಬಿಟ್ರ ಅದ ಬಿಸಿ ಆಗ್ತೈತಿ, ಮ್ಯಾಲಿಂದ ಮ್ಯಾಲೆ ನೀರ ಹಾಕ್ತನ ಇರ್ರಿ. ಐಸ್ ಸಿಕ್ರ ಅರಿವ್ಯಾಗ ಸುತ್ತಿ ಕುತ್ತಿಗಿಗೆ, ಬಗಲಾಗ, ತೊಡಿ ಸಂದ್ಯಾಗ ಇಡ್ರಿ. ಎಚ್ಚರ ಇಲ್ದವ್ರ ಬಾಯಾಗ ನೀರ ಹಾಕಿದ್ರ ಪುಪ್ಪಸಕ್ಕ ಹೊಕ್ಕೈತಿ, ಒಂದ ಮಗ್ಗಲಾ ಮಾಡಿ ಮಲಗಸ್ರಿ. ಪ್ಯಾರಾಸಿಟಮಾಲ್ ಕೊಡಬ್ಯಾಡ್ರಿ, ಇದು ಜ್ವರ ಅಲ್ಲ, ಗುಳಿಗಿಗೆ ಬಗ್ಗಂಗಿಲ್ಲ.

ಮನ್ಯಾಗಿನ ಅಜ್ಜ-ಅಜ್ಜಿ ಹೊಲಕ್ಕ ಹೋಗದಿದ್ರೂ ಪತ್ರಾಸ್ ಮನ್ಯಾಗ ಕುಂತಲ್ಲೇ ಕಾವಿಗೆ ಬೇಯ್ತಾರ. ವಯಸ್ಸಾದವ್ರಿಗೆ ನೀರಡಿಕಿ ಲಗೂ ತಿಳಿಯಂಗಿಲ್ಲ, ಕೇಳಿದ್ರ "ಸಾಕಪಾ" ಅಂತಾರ, ಅದಕ್ಕ ಕೇಳಬ್ಯಾಡ್ರಿ, ಮಜ್ಜಿಗಿ ಗ್ಲಾಸ್ ಕೈಯಾಗ ಕೊಟ್ಟಬಿಡ್ರಿ. ಮೂತ್ರ ಹೋಗೋ ಬಿಪಿ ಗುಳಿಗಿ ಇದ್ರ ಬ್ಯಾಸಗಿ ಮುಂಚೆ ಡಾಕ್ಟರ್‌ಗೆ ಒಮ್ಮೆ ತೋರಸ್ರಿ.

ಡಿಸೆಂಬರ್ ಥಂಡಿಗೂ ಇದ ಹಿರೇರಿಗೇ ತ್ರಾಸ, ರಕ್ತನಾಳ ಬಿಗದು ಬಿಪಿ ಏರ್ತೈತಿ. ಎರಡು ಕೌದಿ ಹೊಚ್ರಿ, ವಾಕಿಂಗ್ ಬಿಸಲು ಬಿದ್ದಮ್ಯಾಲೆ ಹೋಗ್ಲಿ. ಇದ್ದಲಿ ಸಿಗಡಿ ಮಾತ್ರ ಬಾಗಲಾ ಹಾಕ್ಕೊಂಡು ಇಟ್ಟು ಮಲಗಬ್ಯಾಡ್ರಿ, ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿಗೆ ವಾಸನಿ ಇರಂಗಿಲ್ಲ, ಮಲಗಿದವ್ರಿಗೆ ಗೊತ್ತ ಆಗಂಗಿಲ್ಲ.