ಇಸ್ಸಿಕ್ ಕುಲ್ ಸುತ್ತ ಸೈಕಲ್: ಗಾಳಿ ನೋಡಿ ದಿನ ಹಂಚಿಕೊಂಡ ನನ್ನ ಅನುಭವ

ಕಿರ್ಗಿಸ್ತಾನದ ಇಸ್ಸಿಕ್ ಕುಲ್ ಸರೋವರಕ್ಕೆ ಒಂದು ಸುತ್ತು ಹಾಕಿದರೆ ಸುಮಾರು 440 ಕಿ.ಮೀ. ಲಗೇಜು ಕಟ್ಟಿಕೊಂಡು ಸೈಕಲ್ ತುಳಿದು ಅಭ್ಯಾಸ ಇದ್ದವರಿಗೆ ಇದು ದೊಡ್ಡ ದೂರವೇನಲ್ಲ. ಆದರೆ ಅದನ್ನು ದಿನಕ್ಕೆ ಇಷ್ಟು ಅಂತ ಸಮಪಾಲು ಮಾಡಬೇಡಿ. ಇಲ್ಲಿ ಒಂದೊಂದು ದಂಡೆಯೂ ಒಂದೊಂದು ಥರ. ನಾನು ಉತ್ತರದ ದಂಡೆಯನ್ನು ಬೇಗ ಮುಗಿಸಿದೆ. ಉಳಿದ ದಿನಗಳನ್ನೆಲ್ಲ ದಕ್ಷಿಣದ ದಂಡೆಗೆ ಕೊಟ್ಟೆ. ಪಶ್ಚಿಮದ ತುದಿಯನ್ನು ಗಾಳಿ ಏಳುವ ಮುಂಚೆ ದಾಟಿದೆ. ಪ್ರವಾಸ ಅಷ್ಟು ಚೆನ್ನಾಗಿ ಆಗಿದ್ದು ಇದರಿಂದಲೇ.

ಮೊದಲು ಜಾಗದ ಅಂದಾಜು ಸಿಗಲಿ. ಸರೋವರದ ನೀರಿನ ಮಟ್ಟವೇ ಸಮುದ್ರದಿಂದ 1607 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1930 ಮೀಟರ್. ಅಂದರೆ ನಮ್ಮ ರಾಜ್ಯದ ಅತಿ ಎತ್ತರದ ಶಿಖರಕ್ಕಿಂತ ಮುನ್ನೂರು ಚಿಲ್ಲರೆ ಮೀಟರ್ ಕೆಳಗೆ, ಸುಮಾರು 180 ಕಿ.ಮೀ. ಉದ್ದದ, 60 ಕಿ.ಮೀ. ಅಗಲದ ನೀರು. ಆಳ 668 ಮೀಟರ್‌ವರೆಗೆ ಇದೆ. ನೂರಕ್ಕೂ ಹೆಚ್ಚು ಹೊಳೆ-ಹಳ್ಳಗಳು ಒಳಗೆ ಬರುತ್ತವೆ, ಒಂದೂ ಹೊರಗೆ ಹೋಗುವುದಿಲ್ಲ. ಅದಕ್ಕೇ ನೀರು ಸ್ವಲ್ಪ ಉಪ್ಪು. ಆ ಉಪ್ಪು ಮತ್ತು ಆಳದಿಂದಾಗಿ, ಸುತ್ತಲಿನ ಬೆಟ್ಟಗಳೆಲ್ಲ ಹಿಮದಲ್ಲಿ ಮುಳುಗಿದರೂ ಸರೋವರ ಮಾತ್ರ ಹೆಪ್ಪುಗಟ್ಟುವುದಿಲ್ಲ. ಶಾಲೆಯಲ್ಲಿ ಇಮ್ಮಡಿ ಪುಲಿಕೇಶಿಯ ಪಾಠದಲ್ಲಿ ಹ್ಯೂಯೆನ್ ತ್ಸಾಂಗ್ ಬರುತ್ತಾನಲ್ವಾ? ಆತ ಭಾರತಕ್ಕೆ ಬರುವ ದಾರಿಯಲ್ಲಿ, 630ರ ಸುಮಾರಿಗೆ, ಹಿಮದ ಬೆಟ್ಟ ದಾಟಿ ಇದೇ ಸರೋವರದ ಪಕ್ಕದಲ್ಲಿ ಪಶ್ಚಿಮಕ್ಕೆ ಸಾಗಿದ್ದ. ನೀರು ಉಪ್ಪು-ಕಹಿ ಎಂದು ಬರೆದಿಟ್ಟಿದ್ದಾನೆ. ದಂಡೆಯಲ್ಲಿ ಕೂತು ಒಂದು ಬೊಗಸೆ ಬಾಯಿಗೆ ಹಾಕಿಕೊಂಡಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಮುಂದೆ ಬಾದಾಮಿಯ ಅರಸನ ಬಗ್ಗೆ ಬರೆದ ಮನುಷ್ಯ ಈ ದಾರಿಯಲ್ಲೇ ಹಾದುಹೋಗಿದ್ದ!

ಈ ಎತ್ತರದಲ್ಲಿ ಉಸಿರಿನ ತೊಂದರೆ ಆಗುವುದು ಅಪರೂಪ. ಬಿಸಿಲು ಮಾತ್ರ ಜೋರು. ಗಾಳಿ ತಣ್ಣಗಿರುವುದರಿಂದ ಚರ್ಮ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಉದ್ದ ತೋಳಿನ ತೆಳ್ಳನೆಯ ಅಂಗಿ ಹಾಕಿಕೊಳ್ಳಿ.

ಯಾವ ದಿಕ್ಕಿಗೆ ಸುತ್ತಬೇಕು? ಅಲ್ಲಿ ವಾಹನ ಓಡಿಸುವುದು ರಸ್ತೆಯ ಬಲಗಡೆ. ಗಡಿಯಾರದ ಮುಳ್ಳಿನಂತೆ ಸುತ್ತಿದರೆ ನೀರು ಯಾವಾಗಲೂ ನಿಮ್ಮ ಬಲಕ್ಕೇ ಇರುತ್ತದೆ, ನಡುವೆ ಎದುರಿನ ಲಾರಿಗಳು ಅಡ್ಡ ಬರುವುದಿಲ್ಲ. ಬೇಕಾದಲ್ಲಿ ರಸ್ತೆ ದಾಟದೆ ದಂಡೆಗೆ ಇಳಿಯಬಹುದು. ಎರಡನೆಯ ಕಾರಣ ಗಾಳಿ. ಪಶ್ಚಿಮದ ತುದಿಯಲ್ಲಿರುವ ಊರು ಬಾಲಿಕ್ಚಿ. ಅದರಾಚೆಯ ಬೂಮ್ ಕಣಿವೆಯ ಕಡೆಯಿಂದ ಉಲಾನ್ ಎನ್ನುವ ಗಾಳಿ ನುಗ್ಗಿ ಬರುತ್ತದೆ. ಪೂರ್ವದಿಂದ ಬರುವ ಗಾಳಿಗೆ ಸಾಂತಾಶ್ ಎನ್ನುತ್ತಾರೆ. ಬಾಲಿಕ್ಚಿಯಲ್ಲಿ ಹೊರಟು ಉತ್ತರದ ದಂಡೆ ಹಿಡಿದರೆ ಉಲಾನ್ ಬೆನ್ನ ಹಿಂದೆ ಇರುತ್ತದೆ. ಲಗೇಜಿನ ಭಾರಕ್ಕೆ ಕಾಲು ಇನ್ನೂ ಹೊಂದಿಕೊಳ್ಳದ ಮೊದಲ ದಿನ ಅದು ದೊಡ್ಡ ಉಪಕಾರ. ಕೊನೆಯಲ್ಲಿ ಅದೇ ಗಾಳಿಗೆ ಎದುರಾಗಿ ತುಳಿಯಬೇಕು, ಅದಕ್ಕೆ ಬೇರೆ ತಯಾರಿ ಬೇಕು.

ಉತ್ತರದ ದಂಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜುಲೈ-ಆಗಸ್ಟ್‌ನಲ್ಲಿ ಅಲ್ಲಿ ರೆಸಾರ್ಟುಗಳ ಜಾತ್ರೆ. ಕಾರುಗಳು ಒಂದರ ಹಿಂದೆ ಒಂದು ವೇಗವಾಗಿ ಹೋಗುತ್ತವೆ. ನಾನು ಸೆಪ್ಟೆಂಬರ್ ಆರಿಸಿಕೊಂಡಿದ್ದೇ ಇದಕ್ಕೆ. ಶಾಲೆಗಳು ಶುರುವಾಗಿರುತ್ತವೆ, ರಸ್ತೆ ಖಾಲಿ, ಆಕಾಶ ತಿಳಿಯಾಗಿರುತ್ತದೆ. ಚೋಲ್ಪೊನ್ ಅತಾದಲ್ಲಿ ಮಾತ್ರ ಇಳಿಯಲೇಬೇಕು. ಊರಿನ ಹಿಂದಿನ ಬಯಲಿನಲ್ಲಿ ಬಂಡೆಗಳು ಚೆಲ್ಲಾಡಿವೆ, ಅವುಗಳ ಮೇಲೆ ಸಾವಿರಾರು ವರ್ಷ ಹಿಂದೆ ಕುಟ್ಟಿ ಮೂಡಿಸಿದ ಕಾಡುಮೇಕೆಗಳು. ಬಾಗಿದ ಉದ್ದ ಕೊಂಬು ಸಂಜೆಯ ಓರೆ ಬೆಳಕಿನಲ್ಲೇ ಚೆನ್ನಾಗಿ ಕಾಣುವುದು. ಇದೇ ಊರಿನ ಕುದುರೆ ಮೈದಾನದಲ್ಲಿ 2014, 2016 ಮತ್ತು 2018ರಲ್ಲಿ ವಿಶ್ವ ಅಲೆಮಾರಿ ಕ್ರೀಡಾಕೂಟ ನಡೆದಿತ್ತು. ಅಲ್ಲಿಂದ ಪೂರ್ವಕ್ಕೆ ಹೋದಷ್ಟೂ ಗದ್ದಲ ಕಡಿಮೆ. ರಸ್ತೆ ಬದಿ ಪಾಪ್ಲರ್ ಮರಗಳ ಸಾಲು, ಹೊಲದಲ್ಲಿ ಆಲೂಗಡ್ಡೆ ಅಗೆಯುವವರು. ನೆಲವೂ ಹಸಿರಾಗುತ್ತಾ ಹೋಗುತ್ತದೆ. ಪಶ್ಚಿಮಕ್ಕೆ ಮಳೆ ತೀರಾ ಕಡಿಮೆ, ಪೂರ್ವಕ್ಕೆ ಜಾಸ್ತಿ. ಸೈಕಲ್ ಮೇಲೆ ಆ ಬದಲಾವಣೆ ಕಣ್ಣೆದುರೇ ಆಗುತ್ತದೆ.

ಪೂರ್ವದ ತುದಿಯ ಕರಾಕೋಲ್‌ನಲ್ಲಿ ಕಾಲಿಗೆ ವಿಶ್ರಾಂತಿ ಕೊಡಿ. ಚೀನಾ ಮೂಲದ ಮುಸ್ಲಿಮರಾದ ದುಂಗಾನ್ ಜನರ ಮರದ ಮಸೀದಿ ಅಲ್ಲಿದೆ. 1910ರ ಹೊತ್ತಿಗೆ ಕಟ್ಟಿದ್ದು, ಮೊಳೆ ಬಳಸದೆ ಮರಕ್ಕೆ ಮರ ಹೊಂದಿಸಿದ್ದಾರೆ. ದೂರದಿಂದ ಬೌದ್ಧ ಗುಡಿಯಂತೆ ಕಾಣುತ್ತದೆ. ಊಟಕ್ಕೆ ಅಶ್ಲಾನ್ ಫೂ: ತಣ್ಣನೆಯ ನೂಡಲ್ಸು, ಪಿಷ್ಟದ ಅಲುಗಾಡುವ ತುಂಡುಗಳು, ಹುಳಿ-ಖಾರದ ರಸ. ನಮ್ಮ ನಾಲಗೆಗೆ ಆ ದೇಶದಲ್ಲಿ ಥಟ್ಟನೆ ಹಿಡಿಸಿದ ತಿನಿಸು ಅದೊಂದೇ. ಮೊಟ್ಟೆ ಇರುತ್ತದೆ, ರಸ ಯಾವುದರದ್ದು ಅಂತ ಕೇಳಿಕೊಳ್ಳಿ.

ಊಟದ ವಿಷಯ ಬಂತಲ್ಲ, ಮುಗಿಸಿಬಿಡುತ್ತೇನೆ. ಸಸ್ಯಾಹಾರಿಗಳಿಗೆ ಹಳ್ಳಿಗಳಲ್ಲಿ ಕಷ್ಟ. ಆದರೆ ತಂದೂರಿನ ದಪ್ಪ ರೊಟ್ಟಿ, ಮೊಸರು, ಟೊಮೆಟೊ, ಸೌತೆಕಾಯಿ, ಜಾಮ್ ಎಲ್ಲ ಕಡೆ ಸಿಗುತ್ತವೆ. ನಾನು ಮನೆಯಿಂದ ಶೇಂಗಾ ಚಟ್ನಿಪುಡಿ ಒಯ್ದಿದ್ದೆ. ಹೋಮ್‌ಸ್ಟೇಯ ಅಜ್ಜಿಯೊಬ್ಬರು ಅದನ್ನು ರೊಟ್ಟಿಗೆ ಹಚ್ಚಿ ತಿಂದು, ಮತ್ತೆ ಕೈ ಚಾಚಿದರು. ರಾಜಧಾನಿ ಬಿಷ್ಕೆಕ್‌ನಲ್ಲಿ ಭಾರತದ ಸಾವಿರಾರು ವಿದ್ಯಾರ್ಥಿಗಳು ಡಾಕ್ಟರ್ ಓದುತ್ತಿರುವುದರಿಂದ ಅಲ್ಲಿ ಅನ್ನ-ಸಾರಿಗೆ ತೊಂದರೆಯಿಲ್ಲ.

ಇನ್ನು ದಕ್ಷಿಣದ ದಂಡೆ. ನನ್ನ ಮಟ್ಟಿಗೆ ಇಸ್ಸಿಕ್ ಕುಲ್ ಅಂದರೆ ಇದೇ. ಒಂದು ಪಕ್ಕ ನೀಲಿ ನೀರು, ಇನ್ನೊಂದು ಪಕ್ಕ ತೆರ್ಸ್ಕೆಯ್ ಅಲಾ ತೂ ಪರ್ವತಗಳು. ಆ ಸಾಲಿನ ಕರಾಕೋಲ್ ಶಿಖರವೇ 5216 ಮೀಟರ್. ಮೊದಲ ದಿನವೇ ಮುಖ್ಯರಸ್ತೆ ಬಿಟ್ಟು ಜೇತಿ ಒಗುಜ್‌ಗೆ ತಿರುಗಿದೆ. ಅಲ್ಲಿ ಕೆಂಪು ಕಲ್ಲಿನ ಗುಡ್ಡಗಳು ಸಾಲಾಗಿ ಎದ್ದು ನಿಂತಿವೆ. ಅವುಗಳನ್ನು ದಾಟಿ ಹೊಳೆಯ ಜೊತೆ ಮೇಲೆ ಹೋದರೆ ಸ್ಪ್ರೂಸ್ ಕಾಡು, ಕುದುರೆ ಮೇಯುವ ಹುಲ್ಲುಗಾವಲು. ರಸ್ತೆ ಬರೀ ಜಲ್ಲಿ. ನನ್ನ 40 ಎಂ.ಎಂ. ಟೈರು ಇದಕ್ಕೆ ಸಾಕಾಯಿತು, ಸಪೂರ ಟೈರ್ ಆಗಿದ್ದರೆ ತಳ್ಳಿಕೊಂಡು ಹೋಗಬೇಕಿತ್ತು.

ಬರ್ಸ್ಕೂನ್ ಹಳ್ಳಿಯಿಂದ ಕಣಿವೆಯೊಳಗೆ ಹೋಗುವ ದಾರಿ ಕುಮ್ತೋರ್ ಚಿನ್ನದ ಗಣಿಯದ್ದು. ಅಗಲವಾದ, ಗಟ್ಟಿಯಾದ ಮಣ್ಣಿನ ರಸ್ತೆ. ಗಣಿಯ ದೊಡ್ಡ ಲಾರಿಗಳು ಗುಂಪಾಗಿ ಬರುತ್ತವೆ, ಶಬ್ದ ಕೇಳಿದೊಡನೆ ಅಂಚಿಗೆ ನಿಂತು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಲಗೇಜನ್ನು ಹಳ್ಳಿಯಲ್ಲೇ ಇಟ್ಟು ಜಲಪಾತದವರೆಗೆ ಹತ್ತಿದೆ. ದಾರಿಯಲ್ಲಿ ಯೂರಿ ಗಗಾರಿನ್ ಸ್ಮಾರಕ ಸಿಗುತ್ತದೆ. ಏರು ಸತತವಾಗಿರುವುದರಿಂದ ಗೇರಿನ ಮುಂದಿನ ಚಿಕ್ಕ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎರಡೂ ಬೇಕು. ಇಳಿಯುವಾಗ ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ, ದಂಡೆಯ ಊರುಗಳಲ್ಲಿ ಸಿಗುತ್ತದೆ ಅಂತ ನಂಬಬೇಡಿ.

ತೊಸೊರ್ ಹತ್ತಿರ ದಂಡೆಯಲ್ಲಿ ಟೆಂಟ್ ಹಾಕಿದೆ. ಇಲ್ಲಿ ನೆಗ್ಗಿಲು ಮುಳ್ಳಿನ ಕಾಟ ಇದೆ. ಮರಳಿನ ಹಾದಿಯಲ್ಲಿ ಸೈಕಲ್ ಎತ್ತಿಕೊಂಡು ನಡೆಯುವುದೇ ವಾಸಿ. ಟ್ಯೂಬಿನೊಳಗೆ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿಸಿದ್ದರೆ ಇನ್ನೂ ನಿಶ್ಚಿಂತೆ. ಕುಡಿಯುವ ನೀರನ್ನು ಹಳ್ಳಗಳಿಂದ ಹಿಡಿದು ಫಿಲ್ಟರ್ ಮಾಡುತ್ತಿದ್ದೆ. ಮೇಲೆ ದನ-ಕುರಿ ಮೇಯುವುದರಿಂದ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬಾರದು. ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಬಿಡುವುದಿಲ್ಲ, ಬಿಷ್ಕೆಕ್‌ನಲ್ಲೇ ಕೊಳ್ಳಬೇಕು. ಕಾವಲು ನಾಯಿಗಳು ಅಟ್ಟಿಸಿಕೊಂಡು ಬಂದರೆ ಸ್ಪೀಡಾಗಿ ತುಳಿಯಬೇಡಿ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಧಾನ ನಡೆಯಿರಿ. ಕುರಿಗಾಹಿಗಳು ನನಗೆ ಹೇಳಿಕೊಟ್ಟಿದ್ದು ಇದನ್ನೇ, ಪ್ರತಿ ಸಲವೂ ಕೆಲಸ ಮಾಡಿತು.

ಸ್ಕಾಜ್ಕಾ ಕಣಿವೆಯ ಬಣ್ಣಬಣ್ಣದ ಮಣ್ಣಿನ ಗುಡ್ಡಗಳನ್ನು ಬೆಳಿಗ್ಗೆಯೇ ನೋಡಿ, ಕಾಜಿ ಸಾಯ್ ದಾಟಿ ಬೊಕೊನ್‌ಬಾಯೆವೊಗೆ ಬಂದೆ. ಈ ಕಡೆ ಏಪ್ರಿಕಾಟ್ ತೋಟಗಳು ತುಂಬಾ. ಜುಲೈನಲ್ಲಿ ಬಂದರೆ ರಸ್ತೆ ಬದಿ ಬಕೆಟ್‌ಗಟ್ಟಲೆ ಹಣ್ಣು ಮಾರುತ್ತಾರೆ. ನನಗೆ ಒಣಗಿಸಿದ್ದು ಸಿಕ್ಕಿತು, ತುಳಿಯುವಾಗ ಬಾಯಲ್ಲಿ ಇಟ್ಟುಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ.

ಬೊಕೊನ್‌ಬಾಯೆವೊದಿಂದ ಬಾಲಿಕ್ಚಿಯವರೆಗಿನದೇ ಕಠಿಣ ಭಾಗ. ಬೋಳು ಗುಡ್ಡ, ನೆರಳಿಲ್ಲ, ಅಂಗಡಿ ಅಪರೂಪ, ಮೇಲಿಂದ ಎದುರುಗಾಳಿ. ಹಿಂದಿನ ರಾತ್ರಿಯೇ ಬಾಟಲಿ ತುಂಬಿಸಿ, ರೊಟ್ಟಿ ಕಟ್ಟಿಟ್ಟುಕೊಂಡೆ. ಕತ್ತಲಿರುವಾಗಲೇ ಎದ್ದು ಬೆಳಕು ಹರಿಯುತ್ತಲೇ ಹೊರಟೆ. ಬೆಳಿಗ್ಗೆ ಗಾಳಿ ಶಾಂತವಾಗಿರುತ್ತದೆ. ಬಿಸಿಲೇರಿದ ಮೇಲೆ ದಂಡೆ ಬೇಗ ಕಾಯುತ್ತದೆ, ನೀರು ತಡವಾಗಿ ಕಾಯುತ್ತದೆ, ಆಗ ಗಾಳಿ ಏಳುತ್ತದೆ. ಉಲಾನ್ ಬೀಸುವ ದಿನವಾದರೆ ಮಧ್ಯಾಹ್ನದ ಮೇಲೆ ಇಳಿಜಾರಿನಲ್ಲೂ ಪೆಡಲ್ ಒತ್ತಬೇಕಾಗುತ್ತದೆ. ಅಂಥ ದಿನ ಹಟ ಬೇಡ. ಒಂದು ದಿನ ತಡೆದು ಹೊರಡಿ, ಅಥವಾ ಸೈಕಲ್ಲನ್ನು ವ್ಯಾನಿಗೆ ಹಾಕಿ.

ಬಿಷ್ಕೆಕ್ ಮತ್ತು ಬಾಲಿಕ್ಚಿ ನಡುವಿನ ಬೂಮ್ ಕಣಿವೆಯಲ್ಲಿ ಲಾರಿಗಳ ಓಡಾಟ ಜಾಸ್ತಿ. ಹೋಗುವಾಗಲೂ ಬರುವಾಗಲೂ ನಾನು ವ್ಯಾನಿನಲ್ಲೇ ದಾಟಿದೆ. ಕೈಯಲ್ಲಿ ಇನ್ನೂ ಕೆಲವು ದಿನ ಇದ್ದರೆ ಬಾಲಿಕ್ಚಿಯಿಂದ ಕೊಚ್ಕೋರ್ ಕಡೆ ತಿರುಗಿ ಸೋನ್ ಕುಲ್ ಸರೋವರಕ್ಕೆ ಹೋಗಬಹುದು. ಅದು 3016 ಮೀಟರ್ ಎತ್ತರದಲ್ಲಿದೆ. ಅಲ್ಲಿ ಉಸಿರಿಗೆ ಹೊಂದಿಕೊಳ್ಳಲು ಸಮಯ ಬೇಕು, ದಪ್ಪ ಸ್ಲೀಪಿಂಗ್ ಬ್ಯಾಗ್ ಬೇಕು. ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ ಹೋಗಬೇಕು, ಆಮೇಲೆ ದಾರಿಗೆ ಹಿಮ ಬೀಳುತ್ತದೆ.