ಖಾಲಿ ಪ್ಲೇಟು ಹೇಳಿದ ಸುಳ್ಳು

ಪುಣೆಯ ನಮ್ಮ ಲ್ಯಾಬಿನಲ್ಲಿ ಕ್ಷಯ ತಗುಲಿದ ಇಲಿಗಳಿಗೆ ಬೆಡಾಕ್ವಿಲಿನ್, ಪ್ರೆಟೊಮ್ಯಾನಿಡ್, ಲಿನೆಜೊಲಿಡ್ ಎಂಬ ಮೂರು ಮದ್ದನ್ನೂ ಸೇರಿಸಿ ಕೊಡುತ್ತಿದ್ದೆವು. ತಿಂಗಳಾದ ಮೇಲೆ ಬ್ಯಾಕ್ಟೀರಿಯಾ ಉಳಿದಿವೆಯೇ ಎಂದು ನೋಡಲು ಶ್ವಾಸಕೋಶ ಅರೆದು, ಆ ರಸವನ್ನು ಪ್ಲೇಟಿನಲ್ಲಿ ಅಗಾರ್ ಮೇಲೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ಮೇಲೆ, ಹರಡಿದೆ. ನಾಲ್ಕು ವಾರ ಕಾದೆ. ತೆಳು ಮಾಡದ ಗಟ್ಟಿ ರಸದ ಪ್ಲೇಟಿನಲ್ಲಿ ಸೊನ್ನೆ. ಖುಷಿಯೋ ಖುಷಿ! ಆದರೆ ಅದೇ ರಸವನ್ನು ಹತ್ತು ಪಟ್ಟು ತೆಳು ಮಾಡಿದ್ದರಲ್ಲಿ ಏಳೆಂಟು ಕಾಲೊನಿ (ಬ್ಯಾಕ್ಟೀರಿಯಾ ಬೆಳೆದ ಗುಂಪು), ಹೂಕೋಸಿನ ಹಾಗೆ ಒರಟಾಗಿ, ಮಾಸಲು ಬಿಳಿ. ಲೆಕ್ಕ ಉಲ್ಟಾ ಅಲ್ವಾ?

ಸುಮ್ನೆ ಪಿಪೆಟ್ಟನ್ನು ಬೈದೆ. ತಪ್ಪು ಅದರದ್ದಲ್ಲ. ಬೆಡಾಕ್ವಿಲಿನ್ ಮೈಯಿಂದ ಬೇಗ ಹೋಗುವುದಿಲ್ಲ. ಶ್ವಾಸಕೋಶದಲ್ಲಿ ಉಳಿದಿದ್ದ ಮದ್ದು ರಸದ ಜೊತೆ ಪ್ಲೇಟಿಗೂ ಬಂದು, ಬದುಕಿದ್ದ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತಿತ್ತು. ತೆಳು ಮಾಡಿದ್ದರಲ್ಲಿ ಮದ್ದೂ ತೆಳುವಾಗಿದ್ದರಿಂದ ಅವು ಬೆಳೆದವು.

ಕೈಹಿಡಿದದ್ದು ಇದ್ದಿಲು. ಕ್ಷಯದ ಬ್ಯಾಕ್ಟೀರಿಯಾ ಬೆಳೆಸುವ 7ಎಚ್11 ಎಂಬ ಬಗೆಯ ಅಗಾರಿಗೆ ಶೇ. 0.4ರಷ್ಟು, ಅಂದರೆ ಲೀಟರಿಗೆ 4 ಗ್ರಾಂ, ಆಕ್ಟಿವೇಟೆಡ್ ಚಾರ್ಕೋಲ್ ಬೆರೆಸಿದೆ. ಅದು ಮದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸುರಿಯುವಾಗ ಕಲಕುತ್ತಲೇ ಇರಬೇಕು, ಇಲ್ಲದಿದ್ದರೆ ಪುಡಿ ತಳಕ್ಕೆ ಕೂರುತ್ತದೆ. ಮೊದಲ ದಿನ ಮೂಗಿನ ಮೇಲೂ ಮಸಿ. ಹುಬ್ಬಳ್ಳಿಯ ಗೆಳೆಯ ‘ಏನ್ರೀ, ಒಲಿ ಹಚ್ಚಿ ಬಂದ್ರೇನು?’ ಅಂದ.

ಕಾಯುವುದನ್ನು ಆರು ವಾರಕ್ಕೆ ಏರಿಸಿದೆ. ಫ್ರೀಜರಿನಲ್ಲಿಟ್ಟಿದ್ದ ಅದೇ ರಸವನ್ನು ಮತ್ತೆ ಹರಡಿದಾಗ ಗಟ್ಟಿಯದ್ದರಲ್ಲೇ ಕಾಲೊನಿ ಜಾಸ್ತಿ. ಕಪ್ಪು ಅಗಾರಿನ ಮೇಲೆ ಬಿಳಿ ಚುಕ್ಕೆ, ಎಣಿಸುವುದೂ ಸಲೀಸು. ಹಳೆಯ ಲೆಕ್ಕವನ್ನೆಲ್ಲ ಹೊಡೆದುಹಾಕಿದೆ.