ಚಂದ್ರಗಿರಿ ಕೋಟೆಯಲ್ಲಿ ಮನೆಮಂದಿಯ ಪಿಕ್ನಿಕ್: ಆಗ್ಲಿಕ್ಕಿಲ್ಲ ಅಂದದ್ದು ಆಯ್ತು

ಚಂದ್ರಗಿರಿ ಕೋಟೆ ಎಲ್ಲಿ ಉಂಟು ಅಂತ ಕಾಸರಗೋಡಿನವರಿಗೆ ನಾನು ಹೇಳ್ಬೇಕಾಗಿಲ್ಲ, ಮೇಲ್ಪರಂಬ ರೋಡಲ್ಲಿ ದಿನಾ ಹೋಗಿ ಬರುವವರೇ ಎಲ್ಲ. ಆದ್ರೆ ಎಂಬತ್ತು ದಾಟಿದ ಅಜ್ಜಿಯನ್ನೂ ಕಂಕುಳಲ್ಲಿರುವ ಮಗುವನ್ನೂ ಕರ್ಕೊಂಡು ಹೋಗಿ, ಅಲ್ಲೇ ತಿಂದು, ಕತ್ತಲಾಗುವವರೆಗೆ ಕೂತು, ಯಾರೂ ಮುಖ ಊದಿಸ್ಕೊಳ್ಳದೆ ಮನೆಗೆ ಬರೋದು ಆಗುವ ಕೆಲಸ ಅಲ್ಲ ಅಂತ ಭಾವನಿಂದ ಹಿಡಿದು ಆಚೆಮನೆಯವರ ತನಕ ಎಲ್ಲರೂ ಹೇಳಿದ್ರು. ಈಗ ಅದೇ ಭಾವ ಫೋನು ಮಾಡಿ "ಈ ಸಲ ಯಾವಾಗ ಹೊರಡೋದು ಮಾರಾಯ" ಅಂತ ಕೇಳ್ತಾರೆ, ಅದಕ್ಕೇ ಬರೀತಿದ್ದೇನೆ.

ಮೊದಲು ನಾವೂ ಹೋಗ್ತಿದ್ದದ್ದು ಬೇಕಲ ಕೋಟೆಗೇ. 40 ಎಕರೆ ಕೋಟೆ, ಮೂರು ದಿಕ್ಕಲ್ಲಿ ಸಮುದ್ರ, ಚಂದ ಇಲ್ಲ ಅಂತ ಯಾರು ಹೇಳ್ತಾರೆ? ಆದ್ರೆ ಹತ್ತು ಹದಿನೈದು ಜನ ರಜೆಯಲ್ಲಿ ಹೋದ್ರೆ ದುಡ್ಡು ಹೋಗೋದು ಟಿಕೆಟಿಗಲ್ಲ, ಅದೆಂತ ತಲೆಗೆ 25 ರೂಪಾಯಿ. ಐಸ್‌ಕ್ರೀಮು, ಎಳನೀರು, ಪಾರ್ಕಿಂಗು, ಕಡೆಗೆ ಹಸಿವು ತಡೀಲಿಕ್ಕಾಗದೆ ಸಿಕ್ಕಿದ ಹೋಟೆಲಿಗೆ ನುಗ್ಗಿದ್ರೆ ಅಲ್ಲಿ ನಾಲ್ಕು ಸಾವಿರದ ಹತ್ತಿರ. ಟೆಂಪೋ ಮಾಡಿದ ವರ್ಷ ಡ್ರೈವರು ವೈಟಿಂಗ್ ಚಾರ್ಜು ಅಂತ ಮತ್ತೊಂದು ಸಾವಿರ ಎಳೆದ. ಒಟ್ಟಿಗೆ ಎಂಟೊಂಬತ್ತು ಸಾವಿರ ಹೋಗಿ, ಅಜ್ಜಿಗೆ ಸಮಾ ಕೂರ್ಲಿಕ್ಕೆ ಒಂದು ನೆರಳೂ ಸಿಕ್ಕಿರ್ಲಿಲ್ಲ.

ಚಂದ್ರಗಿರಿ ಅದರೆದುರು ಪುಟ್ಟದು, ಏಳೆಂಟು ಎಕರೆ. ಎರಡೂ 17ನೇ ಶತಮಾನದ್ದು, ಎರಡಕ್ಕೂ ಬಿದನೂರಿನ ಶಿವಪ್ಪ ನಾಯಕನ ಹೆಸರೇ. ಚಂದ್ರಗಿರಿ ಹೊಳೆ ಕೊಡಗಿನಿಂದ ಇಳಿದು ಬರೋದು, ಹಿಂದೆ ತುಳುನಾಡಿನ ತೆಂಕು ಗಡಿ ಅದೇ. ಕೋಟೆ ಇರೋದು ಹೊಳೆಯ ತೆಂಕು ದಡದಲ್ಲಿ, ಅಂದ್ರೆ ನಾಯಕರು ಗಡಿ ದಾಟಿ ಉತ್ತರ ಮಲಬಾರಿನ ಕೋಲತ್ತಿರಿ ಅರಸರ ಸೀಮೆಯೊಳಗೆ ಬಂದು ಕೂತದ್ದು. ಗೋಡೆ ಮೇಲೆ ನಿಂತು ಹೊಳೆ ತೋರಿಸಿ ಹೇಳಿದ್ರೆ ಐದನೇ ಕ್ಲಾಸಿನ ಹುಡುಗನಿಗೂ ಅರ್ಥ ಆಗ್ತದೆ, ಬೇಕಲದ ಜನಜಂಗುಳಿಯಲ್ಲಿ ಇದೆಲ್ಲ ಹೇಳ್ಲಿಕ್ಕೆ ಎಲ್ಲಿ ಆಗ್ತದೆ?

ಆದ್ರೆ ಇದು ಸುರುವಿಗೇ ಸರಿಯಾದದ್ದಲ್ಲ. ಒಮ್ಮೆ ಮಾರ್ಚಲ್ಲಿ ಮಧ್ಯಾಹ್ನ ಹೋದೆವು, ಕೋಟೆಯ ಮುರಕಲ್ಲು, ಅಂದ್ರೆ ಜಂಬಿಟ್ಟಿಗೆ ಕಲ್ಲು, ಕಾದು ಮಕ್ಕಳಿಗೆ ಚಪ್ಪಲಿ ತೆಗೀಲಿಕ್ಕಾಗ್ಲಿಲ್ಲ, ಕಾಯಿ ಹಾಕಿದ ಚಿತ್ರಾನ್ನ ಮೂರು ಗಂಟೆಗೆಲ್ಲ ಹಳಸಿ ವಾಸನೆ ಬಂತು, ಕಾಗದದ ತಟ್ಟೆ ಕಡಲಗಾಳಿಗೆ ಹಾರಿ ಅದನ್ನು ಹಿಡೀಲಿಕ್ಕೆ ಓಡೋದೇ ಕೆಲಸ. ಮಳೆ ಬಿಟ್ಟ ಕೂಡ್ಲೇ ಹೋದ್ರೆ ಮೆಟ್ಟಿಲಲ್ಲಿ ಪಾಚಿ, ಒಳಗೆ ಸೊಂಟದುದ್ದ ಹುಲ್ಲು. ಪ್ಲಾಸ್ಟಿಕ್ ಕುರ್ಚಿ ಹೊತ್ತದ್ದೂ ದಂಡ, ನೆಲ ಏರುತಗ್ಗು, ಅಜ್ಜಿ ಕೂತರೆ ಒಂದು ಕಾಲು ಗಾಳಿಯಲ್ಲಿ. ನೀರಿನ ದೊಡ್ಡ ಕ್ಯಾನು ಮೇಲೆ ತಂದ ಭಾವನಿಗೆ ವಾರ ಸೊಂಟನೋವು, ಆ ಸಿಟ್ಟಿಗೇ ಅವರು "ಇದು ನಿನ್ನ ಹಟ" ಅಂದದ್ದು.

ಈಗ ಹೇಗೆ ಅಂದ್ರೆ, ದಶಂಬರ ಜನವರಿಯಲ್ಲಿ ಮಾತ್ರ, ಮನೆಯಲ್ಲಿ ಉಂಡೇ ಹೊರಡೋದು, ಮೂರೂವರೆಯ ಮೇಲೆ ಮುಟ್ಟುವ ಹಾಗೆ. ಅಲ್ಲಿ ಊಟ ಇಲ್ಲ, ಕಾಪಿತಿಂಡಿ ಮಾತ್ರ. ಕೂರೋದು ಪಡು ಗೋಡೆಯ ಒಳಬದಿಯಲ್ಲಿ. ನಾಲ್ಕರ ಹೊತ್ತಿಗೆ ಆ ಗೋಡೆಯ ನೆರಳು ಒಂದು ಚಾಪೆ ಅಗಲ ಇರ್ತದೆ, ಐದಕ್ಕೆ ನಮ್ಮ ಇಡೀ ಸೈನ್ಯಕ್ಕೆ ಸಾಕು, ಮರ ಹುಡುಕುವ ಪಂಚಾತಿಕೆಯೇ ಇಲ್ಲ. ಇದಕ್ಕಿಂತ ಒಳ್ಳೆ ಜಾಗ ಇನ್ನೊಂದುಂಟು, ಅದನ್ನು ಹೇಳಿದ್ರೆ ಮುಂದಿನ ಸಲ ನಮಗೇ ಸಿಗ್ಲಿಕ್ಕಿಲ್ಲ. ಅಜ್ಜಿಗೆ ಗೋಣಿಯೊಳಗೆ ಬೈಹುಲ್ಲು ತುಂಬಿಸಿ ಹೊಲಿದ ದಿಂಬು, ಬೆನ್ನಿಗೆ ಗೋಡೆ. ನಮ್ಮನೆ ಸೋಫಾದಲ್ಲಿ ನಿದ್ದೆ ಬಾರದವರು ಅಲ್ಲಿ ಗೊರಕೆ ಹೊಡೆದ್ರು.

ತಿಂಡಿ ಅಂದ್ರೆ ಕೊಟ್ಟಿಗೆ, ಅಕ್ಕಿ ಉದ್ದಿನ ಕಡುಬು. ಇದು ನನ್ನದೇ ಐಡಿಯಾ, ಸ್ವಲ್ಪ ಜಂಬ ಇರ್ಲಿ. ಬಾಳೆಲೆಯಲ್ಲಿ ಬೇಯಿಸಿದ್ದಲ್ವಾ, ಬಿಡಿಸಿದ್ರೆ ಅದೇ ತಟ್ಟೆ, ಹಾರುವ ಭಯ ಇಲ್ಲ, ಎಲೆ ಎಲ್ಲ ಒಂದೇ ಚೀಲಕ್ಕೆ ಹಾಕಿ ವಾಪಸ್ ತಂದ್ರೆ ತೆಂಗಿನ ಬುಡಕ್ಕೆ. ಜೊತೆಗೆ ಜೋನಿಬೆಲ್ಲ, ಮತ್ತೆ ಕಾಯಿಯನ್ನು ಒಣಮೆಣಸಿನ ಜೊತೆ ಕೆಂಪಾಗುವಷ್ಟು ಹುರಿದು ಹನಿ ನೀರೂ ತಾಗಿಸದೆ ಕಡೆದ ಚಟ್ನಿ, ರಾತ್ರಿಯವರೆಗೆ ಕೆಡೋದಿಲ್ಲ. ಹಲಸಿನ ಎಲೆಯ ದೊನ್ನೆ ಕಟ್ಟಿ ಅದರಲ್ಲಿ ಬೇಯಿಸಿ ನೋಡಿದೆವು, ಪರಿಮಳ ಒಳ್ಳೆದು, ಆದ್ರೆ ದಾರಿಯಲ್ಲಿ ಕಡ್ಡಿ ಬಿಟ್ಟು ಅರ್ಧ ಬುಟ್ಟಿಯಲ್ಲೇ ಹುಡಿ. ತಣಿದ ಕೊಟ್ಟಿಗೆ ಗಟ್ಟಿಯಾಗದೆ ಇರ್ಲಿಕ್ಕೆ ಹಿಟ್ಟಿಗೆ ಒಂದು ವಸ್ತು ಸೇರಿಸ್ಲಿಕ್ಕುಂಟು, ಅದು ಅತ್ತೆಯವರ ಗುಟ್ಟು, ಕೇಳ್ಬೇಡಿ. ನೀರು ಆಳಿಗೊಂದು ಲೀಟರು, ಅವರವರ ಚೀಲದಲ್ಲಿ, ಮಗುವಿನದ್ದು ಮಾತ್ರ ನಾನು ಹೊರೋದು.

ಮಕ್ಕಳಿಗೆ ಮೊಬೈಲು ಇಲ್ಲದೆ ಎರಡು ಗಂಟೆ ಹೇಗೆ ಅಂತ ಅಕ್ಕ ಕೇಳಿದ್ಳು. ಅದಕ್ಕೆ ಕಲ್ಲಿನ ಪರೀಕ್ಷೆ ಮಾಡಿದೆ. ಹತ್ತಿರದ ಕ್ವಾರಿಯಿಂದ ಆಗಷ್ಟೇ ಕಡಿದ ಮುರಕಲ್ಲಿನ ತುಂಡೊಂದು, ಮನೆ ಹಿಂದೆ ವರ್ಷಗಟ್ಲೆ ಬಿಸಿಲಲ್ಲಿ ಬಿದ್ದದ್ದೊಂದು, ಎರಡನ್ನೂ ಕೊಟ್ಟು ಮೊಳೆಯಿಂದ ಗೀಚ್ಲಿಕ್ಕೆ ಹೇಳಿದೆ. ಹೊಸದ್ದು ಗೀಚಿದ ಹಾಗೆ ಕೆಂಪು ಹುಡಿ ಉದುರಿತು, ಹಳತ್ತರಲ್ಲಿ ಬಿಳಿ ಗೆರೆ ಬಿದ್ದು ಮೊಳೆ ಜಾರಿತು. ಅಗೆಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಗಟ್ಟಿ, ಇಲ್ಲಿ ಮನೆಯಿಂದ ಕೋಟೆವರೆಗೆ ಎಲ್ಲವೂ ಅದರಲ್ಲೇ ಯಾಕೆ ಅಂತ ಮತ್ತೆ ಹೇಳ್ಬೇಕಾಗ್ಲಿಲ್ಲ. ಕೋಟೆ ಗೋಡೆಗೆ ಮೊಳೆ ಮುಟ್ಟಿಸ್ಲಿಕ್ಕೆ ಬಿಡ್ಲಿಲ್ಲ, ಅದು ಸಂರಕ್ಷಿತ ಸ್ಮಾರಕ, ಅಲ್ಲಿ ಹೆಸರು ಕೆತ್ತಿದವರ ಕೈಗೇ ಮೊಳೆ ಹೊಡೀಬೇಕು. ಹೆಜ್ಜೆ ಎಣಿಸಿ ಗೋಡೆ ಅಳೆಯುವ ಆಟ ಮಾತ್ರ ಜಗಳದಲ್ಲಿ ಮುಗೀತು, ಒಬ್ಬೊಬ್ಬನ ಹೆಜ್ಜೆ ಒಂದೊಂದು ಅಳತೆ.

ಖರ್ಚು? ಎರಡು ಕಾರಿನ ಪೆಟ್ರೋಲು ಐನೂರೋ ಆರುನೂರೋ, ಅಕ್ಕಿ ಉದ್ದು ಕಾಯಿ ಬೆಲ್ಲ ಎಲ್ಲ ಸೇರಿ ಮತ್ತಷ್ಟೇ, ಬಾಳೆಲೆ ತೋಟದ್ದು. ಬರುವಾಗ ಪೇಟೆಯಲ್ಲಿ ಚಾ ಕುಡಿದದ್ದು ಹಿಡಿದ್ರೂ ಸಾವಿರದೈನೂರು ದಾಟ್ಲಿಲ್ಲ.

ಮುಂದೆ ಕುಂಬಳೆ ಹತ್ತಿರದ ಆರಿಕ್ಕಾಡಿ ಕೋಟೆ ನೋಡ್ಬೇಕು ಅಂತ ಉಂಟು. ಅದೂ ಸಣ್ಣದೇ, ಆದ್ರೆ ಹೈವೇ ತೀರಾ ಹತ್ತಿರ, ಲಾರಿ ಶಬ್ದಕ್ಕೆ ಅಜ್ಜಿ ನಿದ್ದೆ ಮಾಡ್ತಾರಾ ಅಂತ ಭಾವನಿಗೆ ಈಗಲೇ ಡೌಟು.